ಹೊಲದಲ್ಲಿ ಕೇಳುವವರಿಗೆ ಎಂಥ ಹೆಡ್‌ಫೋನು ಬೇಕು?

ಒಕ್ಕಲುತನದ ಪುಟದಲ್ಲಿ ಬೀಜ, ಗೊಬ್ಬರ, ಔಷಧಗಳ ಮಾತು ಬರುವುದು ವಾಡಿಕೆ. ಹೆಡ್‌ಫೋನಿನ ಮಾತು ಇಲ್ಲಿಗೇಕೆ ಬಂತೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಜತ್ತ ತಾಲೂಕಿನ ಯಾವ ಹೊಲಕ್ಕೆ ಹೋದರೂ ಕಾಣುವುದೇನು? ದಾಳಿಂಬೆಯ ಛಾಟಣಿ ಮಾಡುವವನ ಕಿವಿಯಲ್ಲಿ ತಂತಿ. ಕುರಿ ಕಾಯುವವನ ಕೊರಳಲ್ಲಿ ಪಟ್ಟಿ. ಕಳೆ ತೆಗೆಯುವ ಹೆಣ್ಣುಮಕ್ಕಳ ಸಾಲಿನಲ್ಲಿಯೂ ಇಬ್ಬರು ಮೂವರ ಸೆರಗಿನ ಒಳಗೆ ಹಾಡು. ಹಿಂದೆ ಬೇವಿನ ಗಿಡದ ಟೊಂಗೆಗೆ ರೇಡಿಯೋ ತೂಗುಹಾಕಿ ಕೆಲಸ ಮಾಡುತ್ತಿದ್ದ ನಾವೇ ಈಗ ಒಬ್ಬೊಬ್ಬರು ಒಂದೊಂದು ಲೋಕದಲ್ಲಿದ್ದೇವೆ.

ಇದು ತಪ್ಪೆಂದು ನಾವು ಹೇಳುವುದಿಲ್ಲ. ದಿನವಿಡೀ ಒಬ್ಬನೇ ದುಡಿಯುವವನಿಗೆ ಒಂದು ದನಿಯ ಜೊತೆ ಬೇಕೇ ಬೇಕು. ಆದರೆ ಎಂಥದನ್ನು ಕೊಳ್ಳಬೇಕು, ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ತಿಳಿವಳಿಕೆ ನಮ್ಮಲ್ಲಿ ಕಡಿಮೆ. ಸಂತೆಯಲ್ಲಿ ನೂರು ರೂಪಾಯಿಗೆ ಒಂದನ್ನು ಕೊಂಡು, ತಿಂಗಳಿಗೊಂದು ಕೆಡಿಸಿ, ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಕಳೆಯುವವರಿದ್ದಾರೆ. ದುಡ್ಡು ಹೋದರೆ ಮತ್ತೆ ಗಳಿಸಬಹುದು. ಕಿವಿ ಹೋದರೆ ಮತ್ತೆ ಬಾರದು. ಆದ್ದರಿಂದ ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಮ್ಮದೇ ಒಂದು ತಪ್ಪು

ಮೊದಲು ನಾವು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇವೆ. ಮೂರು ವರ್ಷದ ಹಿಂದಿನ ಬೇಸಿಗೆ. ಕರೆಂಟು ರಾತ್ರಿ ಪಾಳಿಯಲ್ಲಿತ್ತು. ದಾಳಿಂಬೆಗೆ ನೀರು ಹಚ್ಚಿ, ಎರಡೂ ಕಿವಿಗೆ ರಬ್ಬರಿನ ಬಿರಡೆಯ ಇಯರ್‌ಫೋನು ಸಿಕ್ಕಿಸಿ, ಬಾವಿಯಿಂದ ಹತ್ತು ಮಾರು ದೂರದಲ್ಲಿ ಕುಳಿತು ನಾಟಕ ಕೇಳುತ್ತಿದ್ದೆವು. ನಡುವೆ ಎಲ್ಲಿಯೋ ಮೂರು ಫೇಸುಗಳಲ್ಲಿ ಒಂದು ಹೋಯಿತು. ಸ್ಟಾರ್ಟರಿನಲ್ಲಿ ಇದನ್ನು ತಡೆಯುವ ಪ್ರಿವೆಂಟರು ಕೆಟ್ಟು ಎರಡು ತಿಂಗಳಾಗಿತ್ತು. ಇಂದು ನಾಳೆ ಎಂದು ತಳ್ಳುತ್ತ ಬಂದಿದ್ದೆವು. ಒಂದು ಫೇಸು ಹೋದಾಗ ಮೋಟರಿನ ಸದ್ದು ಬದಲಾಗುತ್ತದೆ, ಗುಂಯ್ ಎಂದು ನರಳತೊಡಗುತ್ತದೆ ಎಂಬುದು ಒಕ್ಕಲಿಗನಾದವನಿಗೆಲ್ಲ ಗೊತ್ತು. ಆ ಸದ್ದು ನಮ್ಮ ಕಿವಿಗೆ ಮುಟ್ಟಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಎದ್ದು ಓಡಿದ್ದು. ಅಷ್ಟರಲ್ಲಿ ವೈಂಡಿಂಗು ಹೋಗಿತ್ತು.

ಮರುದಿನ ಮುಂಜಾನೆ ಮಗ್ಗಲ ಹೊಲದ ಕಾಕಾ ಬಂದು, “ನಾಕ ಸಲ ಒದರಿದ್ನಿ ಮಾಸ್ತರ್ರ, ಮೋಟರಿನ ದನಿ ಬ್ಯಾರೆ ಆಗೇತಿ ಅಂತ. ನೀವು ಹೊಳ್ಳಿ ನೋಡ್ಲೇ ಇಲ್ಲ” ಎಂದರು. ನಾವು ತಲೆ ತಗ್ಗಿಸಿದೆವು. ವೈಂಡಿಂಗಿಗೆ ಐದು ಸಾವಿರ ರೂಪಾಯಿ, ಎಂಟು ದಿನ ನೀರಿಲ್ಲದೆ ಗಿಡಗಳು ಉದುರಿಸಿದ ಹೂವು ಬೇರೆ. ಮುನ್ನೂರು ರೂಪಾಯಿಯ ಇಯರ್‌ಫೋನು ನಮಗೆ ಎಷ್ಟಕ್ಕೆ ಬಿತ್ತೆಂಬುದನ್ನು ವಾಚಕರೇ ಲೆಕ್ಕ ಹಾಕಲಿ.

ಈ ಪ್ರಸಂಗದಿಂದ ನಾವು ಕಲಿತ ಮೊದಲ ಪಾಠ ಇದು: ಬಯಲಿನಲ್ಲಿ ಕೇಳುವ ಹೆಡ್‌ಫೋನು ಹೊರಗಿನ ಸದ್ದನ್ನು ಒಳಗೆ ಬಿಡುವಂಥದಾಗಿರಬೇಕು. ಪೇಟೆಯ ಅಂಗಡಿಯವನು “ಹೊರಗಿನ ಸದ್ದು ಒಂದಿಷ್ಟೂ ಕೇಳಿಸುವುದಿಲ್ಲ” ಎಂದು ಹೊಗಳಿ ಮಾರುವ ಗುಣವೇ ಹೊಲದಲ್ಲಿ ಅವಗುಣ.

ಒಳಗೆ ಇರುವುದೇನು?

ಹೆಡ್‌ಫೋನಿನ ಒಳಗಿರುವುದು ನಮ್ಮ ಮೋಟರಿನ ತಮ್ಮನೇ. ಒಂದು ಪುಟ್ಟ ಅಯಸ್ಕಾಂತ. ಅದರ ಬಳಿ ಕೂದಲೆಳೆಯಂಥ ತಂತಿಯ ಸುರುಳಿ. ಸುರುಳಿಗೆ ಅಂಟಿಸಿದ ತೆಳ್ಳನೆಯ ಪೊರೆ. ಮೋಟರಿನ ಸುರುಳಿಯಲ್ಲಿ ಕರೆಂಟು ಹರಿದಾಗ ಕಾಂತಶಕ್ತಿಯಿಂದ ರೋಟರು ತಿರುಗುತ್ತದೆ. ಇಲ್ಲಿ ಸುರುಳಿ ತಿರುಗುವುದಿಲ್ಲ, ಹಿಂದೆ-ಮುಂದೆ ಅಲುಗುತ್ತದೆ. ಅದರೊಡನೆ ಪೊರೆಯೂ ಅಲುಗಿ ಗಾಳಿಯನ್ನು ನೂಕುತ್ತದೆ. ಆ ಗಾಳಿಯ ಅಲುಗಾಟವೇ ನಮಗೆ ಕೇಳುವ ದನಿ.

ಇದನ್ನು ತಿಳಿದರೆ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಮೊದಲನೆಯದು: ದಪ್ಪ ದನಿ, ಅಂದರೆ ಡೊಳ್ಳಿನ ದನಿ, ಕಿವಿಯೊಳಗಿನ ಗಾಳಿ ಸೋರದಂತೆ ಬಿಗಿಯಾಗಿ ಕೂತಾಗ ಮಾತ್ರ ಚೆನ್ನಾಗಿ ಕೇಳುತ್ತದೆ. ಸಡಿಲಾಗಿ ಕೂರುವ ಜಾತಿಯಲ್ಲಿ ಡೊಳ್ಳು ಸಪ್ಪೆಯಾಗುವುದು ಸಹಜ. ಅದು ಕೆಟ್ಟ ಮಾಲು ಎಂದು ತಿಳಿಯಬಾರದು. ಸುದ್ದಿ, ಭಾಷಣ, ರೈತರ ಸಲಹೆ, ಭಜನೆ ಕೇಳುವವರಿಗೆ ಡೊಳ್ಳಿನ ಜೋರು ಬೇಕಾಗಿಯೇ ಇಲ್ಲ. ಮಾತಿನ ಸ್ಪಷ್ಟತೆ ಇರುವುದು ನಡುವಿನ ಮತ್ತು ತೆಳು ದನಿಗಳಲ್ಲಿ.

ಎರಡನೆಯದು: ಒಳಗಿನ ಸುರುಳಿ ಸುಲಭವಾಗಿ ಕೆಡುವುದಿಲ್ಲ. ಹೆಚ್ಚಾಗಿ ಕೆಡುವುದು ಫೋನಿಗೆ ಚುಚ್ಚುವ ಪಿನ್ನಿನ ಬುಡದಲ್ಲಿ, ತಂತಿ ಎರಡಾಗಿ ಕವಲೊಡೆಯುವ ಕಡೆಯಲ್ಲಿ, ಕಿವಿಯ ಗುಂಡಿಗೆ ತಂತಿ ಸೇರುವಲ್ಲಿ. ಹಗ್ಗ ಸವೆಯುವುದು ಗಡಗಡೆಯ ಬಳಿಯಲ್ಲಿಯೇ ಅಲ್ಲವೇ? ಆದ್ದರಿಂದ ಕೊಳ್ಳುವಾಗ ಈ ಮೂರು ಕಡೆ ರಬ್ಬರಿನ ಕೊಳವೆಯಂಥ ಆಸರೆ ಇದೆಯೋ ಇಲ್ಲವೋ ನೋಡಬೇಕು.

ಜಾತಿಗಳು ಮತ್ತು ಅವುಗಳ ಗುಣ

ಒಂದು, ಕಿವಿಯ ಬಾಯಿಯಲ್ಲಿ ಸುಮ್ಮನೆ ಕೂರುವ ಚಪ್ಪಟೆ ಗುಂಡಿಯ ಹಳೆಯ ಜಾತಿ. ಇದಕ್ಕೆ ರಬ್ಬರಿನ ಬಿರಡೆ ಇರುವುದಿಲ್ಲ. ಹೊರಗಿನ ಸದ್ದು ಕೇಳುತ್ತಿರುತ್ತದೆ, ಕಿವಿ ಬೆವರುವುದಿಲ್ಲ. ಡೊಳ್ಳು ಕಡಿಮೆ, ಬಗ್ಗಿದರೆ ಜಾರುವುದುಂಟು. ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ. ಹೊಲಕ್ಕೆ ಇದು ಒಳ್ಳೆಯದು.

ಎರಡು, ರಬ್ಬರಿನ ಬಿರಡೆಯ ಜಾತಿ. ಇದು ಕಿವಿಯ ರಂಧ್ರದೊಳಗೆ ಹೋಗಿ ಬಾಟಲಿಯ ಬೂಚಿನಂತೆ ಮುಚ್ಚುತ್ತದೆ. ದನಿ ಚೆನ್ನ, ಬೀಳುವುದಿಲ್ಲ. ಸೋಲಾಪುರಕ್ಕೋ ಮೀರಜಕ್ಕೋ ಬಸ್ಸಿನಲ್ಲಿ ಹೋಗುವಾಗ ಇದೇ ಮೇಲು; ಗದ್ದಲ ತಡೆಯುವುದರಿಂದ ಸಣ್ಣ ದನಿಯಲ್ಲೇ ಕೇಳಬಹುದು. ಆದರೆ ಹೊಲದಲ್ಲಿ ಎರಡೂ ಕಿವಿಗೆ ಇದನ್ನು ಹಾಕಿದರೆ ನಮಗೆ ಆದದ್ದೇ ಆದೀತು.

ಮೂರು, ತಲೆಯ ಮೇಲೆ ಪಟ್ಟಿ ಬರುವ, ಕಿವಿಯ ಮೇಲೆ ಸ್ಪಂಜಿನ ದಿಂಬು ಕೂರುವ ಜಾತಿ. ದಿಂಬು ತೆಳುವಾಗಿದ್ದರೆ ಹೊರಗಿನ ಸದ್ದು ಬರುತ್ತದೆ. ಆದರೆ ನಮ್ಮ ಪಟಗ, ಟೊಪ್ಪಿಗೆಗಳೊಡನೆ ಇದಕ್ಕೆ ಹೊಂದಿಕೆಯಿಲ್ಲ. ಕಿವಿಯಲ್ಲಿ ಬೆಂಡೋಲೆ, ಬುಗುಡಿ ಇಟ್ಟ ಹೆಣ್ಣುಮಕ್ಕಳಿಗೆ ಒತ್ತಿ ನೋವಾಗುತ್ತದೆ. ಸ್ಪಂಜು ಬೆವರನ್ನು ಹೀರಿ ಒಂದು ಬೇಸಿಗೆಯಲ್ಲಿ ಪುಡಿಯಾಗುತ್ತದೆ.

ನಾಲ್ಕು, ಇಡೀ ಕಿವಿಯನ್ನೇ ಬಟ್ಟಲಿನಂತೆ ಮುಚ್ಚುವ ದೊಡ್ಡ ಜಾತಿ. ಇದು ಮನೆಯಲ್ಲಿ ಕೂತು ಕೇಳುವವರಿಗೆ. ನಮ್ಮ ಬಿಸಿಲಿನಲ್ಲಿ ಅರ್ಧ ಗಂಟೆ ತಾಳುವುದೂ ಕಷ್ಟ.

ಐದು, ಕೊರಳಿಗೆ ಹಾಕುವ ಪಟ್ಟಿ, ಅಂದರೆ ನೆಕ್‌ಬ್ಯಾಂಡು. ಫೋನಿಗೂ ಇದಕ್ಕೂ ತಂತಿ ಇಲ್ಲ. ಗುಂಡಿ ಕಿವಿಯಿಂದ ಜಾರಿದರೂ ಕೊರಳಲ್ಲಿ ತೂಗುತ್ತದೆ, ಕಳೆಯುವುದಿಲ್ಲ. ಒಂದು ಗುಂಡಿಯನ್ನು ಕಿವಿಯಲ್ಲಿಟ್ಟು ಇನ್ನೊಂದನ್ನು ಎದೆಯ ಮೇಲೆ ಬಿಡಬಹುದು. ಬಗ್ಗಿ ಏಳುವ ಕೆಲಸದವರಿಗೆ ಇದು ಅನುಕೂಲ.

ಆರು, ತಂತಿಯೇ ಇಲ್ಲದ ಬಿಡಿ ಬಿಡಿ ಬಡ್ಸು. ನೋಡಲು ಚೆಂದ. ಆದರೆ ಆಳೆತ್ತರದ ಜೋಳದಲ್ಲಿ ಒಂದು ಬಿದ್ದರೆ, ಸಾಸಿವೆಯ ರಾಶಿಯಲ್ಲಿ ರಾಗಿಯ ಕಾಳು ಹುಡುಕಿದಂತೆ. ಒಳಗಿನ ಬ್ಯಾಟರಿ ಕಾಳಿನಷ್ಟು ಚಿಕ್ಕದು. ಅದು ಸೋತ ದಿನ ಬದಲಿಸಲು ಬರುವುದಿಲ್ಲ, ಇಡೀ ಮಾಲನ್ನೇ ಎಸೆಯಬೇಕು. ಹೊಲದ ಕೆಲಸಕ್ಕೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ.

ಏಳು, ಕಿವಿಯ ರಂಧ್ರವನ್ನು ಮುಟ್ಟದೆ, ಅದರ ಮುಂದಿನ ಎಲುಬಿನ ಮೂಲಕ ದನಿಯನ್ನು ಒಳಕಿವಿಗೆ ಮುಟ್ಟಿಸುವ ಹೊಸ ಜಾತಿ. ಎರಡೂ ಕಿವಿ ಪೂರ್ತಿ ತೆರೆದಿರುತ್ತವೆ, ಬಯಲಿಗೆ ಹೇಳಿಮಾಡಿಸಿದಂತಿದೆ. ಆದರೆ ನಿಜವಾದ ಮಾಲಿನ ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಇದೇ ಹೆಸರು ಹೇಳಿ ಐದುನೂರಕ್ಕೆ ಮಾರುವವುಗಳಲ್ಲಿ ಎಷ್ಟೋ ಕಿವಿಯ ಮುಂದೆ ನೇತುಬಿಟ್ಟ ಸಾದಾ ಸ್ಪೀಕರುಗಳು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ನಮ್ಮಂಥವರಿಗೆ ಲೇಸು.

ತಂತಿ ಇರಬೇಕೋ, ಬೇಡವೋ?

ತಂತಿಯದಕ್ಕೆ ಚಾರ್ಜು ಬೇಡ, ಬೆಲೆ ಕಡಿಮೆ, ಬೆಸುಗೆ ಬಲ್ಲವನಿದ್ದರೆ ಮುರಿದ ತಂತಿಯನ್ನು ರಿಪೇರಿ ಮಾಡಬಹುದು. ಆದರೆ ಗುದ್ದಲಿಯ ಹಿಡಿಗೆ, ದಾಳಿಂಬೆಯ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ರಾಶಿ ಮಾಡುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಬೆಲ್ಟಿನ ಎಂಜಿನ್ನು ಇದ್ದಲ್ಲಿ ಕೊರಳಿನಿಂದ ತೂಗುವ ತಂತಿ ಪ್ರಾಣಕ್ಕೇ ಅಪಾಯ. ಅಂಥಲ್ಲಿ ತಂತಿಯೂ ಬೇಡ, ಪಟ್ಟಿಯೂ ಬೇಡ.

ತಂತಿಯಿಲ್ಲದ್ದು ಬ್ಲೂಟೂತಿನಿಂದ ನಡೆಯುತ್ತದೆ. ಇದರ ಹರವು ಸಾಮಾನ್ಯವಾಗಿ ಹತ್ತು ಮೀಟರು. ಫೋನನ್ನು ಬದುವಿನ ಮೇಲಿಟ್ಟು ಸಾಲಿನ ಆ ತುದಿಗೆ ಹೋದರೆ ದನಿ ಕಡಿಯುತ್ತದೆ. ಚಾರ್ಜು ಮುಗಿದರೆ ಮೂಕ. ಮನೆಯಲ್ಲಿ ಕರೆಂಟಿನ ಭರವಸೆ ಇಲ್ಲದವರು ಇದನ್ನು ಯೋಚಿಸಬೇಕು.

ಕೊಳ್ಳುವ ಮೊದಲು ನಿಮ್ಮ ಫೋನನ್ನು ತಿರುವಿ ನೋಡಿರಿ. ದುಂಡನೆಯ ೩.೫ ಮಿಲಿಮೀಟರಿನ ತೂತು ಇದ್ದರೆ ಸಾದಾ ತಂತಿಯದು ನಡೆಯುತ್ತದೆ. ಹೊಸ ಫೋನುಗಳಲ್ಲಿ ಎಷ್ಟೋ ಕಡೆ ಆ ತೂತೇ ಇಲ್ಲ. ಚಾರ್ಜಿನ ತೂತಿಗೆ ಹೊಂದುವ ಟೈಪ್-ಸಿ ಪಿನ್ನಿನ ಇಯರ್‌ಫೋನನ್ನೇ ಕೇಳಬೇಕು.

ಕನ್ನಡದ ರೇಡಿಯೋ ಕೇಳುವವರಿಗೆ

ಗಡಿಯಾಚೆಯ ನಮಗೆ ಇದು ಮುಖ್ಯ. ಧಾರವಾಡ ಆಕಾಶವಾಣಿ ೧೯೫೦ರಲ್ಲಿ ಆರಂಭವಾದಾಗಿನಿಂದ ಈ ಸೀಮೆಯ ಕನ್ನಡ ಮನೆಗಳಿಗೆ ಅದು ಮನೆಯ ದನಿ. ಮೀಡಿಯಂ ವೇವ್ ಅಲೆ ನೆಲ ಹಿಡಿದು ದೂರ ಹೋಗುತ್ತದೆ. ರಾತ್ರಿ ಆಕಾಶದ ಮೇಲಣ ಪದರಿಗೆ ತಾಗಿ ಮರಳಿ ಇನ್ನೂ ದೂರ ಮುಟ್ಟುತ್ತದೆ. ಎಫ್‌ಎಂ ಅಲೆ ಹಾಗಲ್ಲ, ಬಹುಮಟ್ಟಿಗೆ ಕಣ್ಣಳತೆಯ ನೇರಕ್ಕೆ ಹೋಗುವಂಥದು. ನಡುವೆ ಗುಡ್ಡ ಬಂದರೆ ಸೊರಗುತ್ತದೆ.

ಫೋನಿನಲ್ಲಿ ಎಫ್‌ಎಂ ಇದ್ದರೆ ಅದು ಕೇಳಲು ಸಾಮಾನ್ಯವಾಗಿ ತಂತಿಯ ಇಯರ್‌ಫೋನು ಚುಚ್ಚಲೇಬೇಕು. ಕಾರಣವೇನೆಂದರೆ, ಆ ತಂತಿಯೇ ಏರಿಯಲ್ಲು. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರು. ಅದರ ಕಾಲುಭಾಗಕ್ಕೆ, ಅಂದರೆ ಮುಕ್ಕಾಲು ಮೀಟರಿಗೆ ಕಡಿಮೆಯಿಲ್ಲದ ತಂತಿ ಇದ್ದರೆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮೀಟರಿಗಿಂತ ತುಸು ಉದ್ದದ ಸಾದಾ ಇಯರ್‌ಫೋನು ಇದಕ್ಕೆ ಸಾಕು. ತಂತಿಯನ್ನು ಸುತ್ತಿ ಕಿಸೆಯಲ್ಲಿ ತುರುಕಿದರೆ ಸ್ಟೇಷನ್ನು ಓಡಿಹೋಗುತ್ತದೆ. ಬಿಚ್ಚಿ ನೇರ ಬಿಡಬೇಕು. ಬ್ಲೂಟೂತಿನ ಪಟ್ಟಿ ಕೊಂಡವರು “ಎಫ್‌ಎಂ ಹತ್ತುತ್ತಿಲ್ಲ” ಎಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇವೆ. ತಪ್ಪು ಪಟ್ಟಿಯದಲ್ಲ.

ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಮುಚ್ಚಬಾರದೆಂದು ಕೇಂದ್ರ ಸರಕಾರ ೨೦೨೩ರಲ್ಲಿ ತಯಾರಕರಿಗೆ ಸೂಚಿಸಿತು. ಆದರೂ ಎಲ್ಲ ಫೋನಿನಲ್ಲಿ ಅದು ಸಿಗುವುದಿಲ್ಲ. ಹೊಸ ಫೋನು ಕೊಳ್ಳುವವರು ಕೇಳಿ ತಿಳಿದುಕೊಳ್ಳಲಿ. ಅಲೆ ಮುಟ್ಟದ ಊರಿನವರಿಗೆ ಇನ್ನೊಂದು ದಾರಿ ಇದೆ: ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ದೇಶದ ಆಕಾಶವಾಣಿ ಕೇಂದ್ರಗಳನ್ನು ಅಂತರ್ಜಾಲದ ಮೂಲಕ ಕೇಳಬಹುದು, ಕನ್ನಡ ಕೇಂದ್ರಗಳೂ ಅದರಲ್ಲಿವೆ. ಇದಕ್ಕೆ ತಂತಿ ಬೇಕಿಲ್ಲ, ಡೇಟಾ ಬೇಕು.

ಡಬ್ಬದ ಮೇಲಿನ ಬರಹ ಓದುವ ಬಗೆ

ಡಬ್ಬದ ಮೇಲೆ ಅಂಕಿಗಳ ಜಾತ್ರೆಯೇ ಇರುತ್ತದೆ. ಅದರಲ್ಲಿ ನೋಡಬೇಕಾದವು ಕೆಲವೇ.

ಓಮ್ ಎಂಬುದು ತಂತಿಯ ತಡೆ. ಫೋನಿಗೆ ೧೬ ಅಥವಾ ೩೨ ಓಮಿನದು ಹೊಂದುತ್ತದೆ. ಸೆನ್ಸಿಟಿವಿಟಿ ಎಂಬಲ್ಲಿ ಡೆಸಿಬಲ್ ಅಂಕಿ ಇರುತ್ತದೆ. ೧೦೦ರ ಆಸುಪಾಸು ಇದ್ದರೆ ಸಾಕು. ೨೦ರಿಂದ ೨೦,೦೦೦ ಹರ್ಟ್ಝ್ ಎಂದು ಎಲ್ಲ ಡಬ್ಬದ ಮೇಲೂ ಬರೆದಿರುತ್ತಾರೆ. ಅದು ಮನುಷ್ಯನ ಕಿವಿಯ ಮಿತಿ, ಮಾಲಿನ ಹೆಚ್ಚುಗಾರಿಕೆಯಲ್ಲ. ಹತ್ತು ಮಿಲಿಮೀಟರು, ಹದಿಮೂರು ಮಿಲಿಮೀಟರು ಎಂದು ಪೊರೆಯ ಅಳತೆ ಕೊಡುತ್ತಾರೆ. ದೊಡ್ಡ ಪೊರೆಯೆಂದ ಮಾತ್ರಕ್ಕೆ ಒಳ್ಳೆಯ ದನಿಯಲ್ಲ.

ಎರಡು ಮಾತುಗಳಲ್ಲಿ ಗಿರಾಕಿ ಮೋಸಹೋಗುತ್ತಾನೆ. ‘ಎಎನ್‌ಸಿ’ ಎಂದರೆ ಹೊರಗಿನ ಏಕಸಮ ಗುಂಗನ್ನು ಎದುರು ದನಿಯಿಂದ ಅಳಿಸಿ, ಕೇಳುವವನಿಗೆ ನಿಶ್ಶಬ್ದ ಕೊಡುವ ಏರ್ಪಾಡು. ‘ಇಎನ್‌ಸಿ’ ಎಂದರೆ ನಾವು ಫೋನಿನಲ್ಲಿ ಮಾತನಾಡುವಾಗ ಆಚೆಯವನಿಗೆ ನಮ್ಮ ಸುತ್ತಲ ಗದ್ದಲ ಕೇಳದಂತೆ ಮಾಡುವುದು. ಒಂದು ಅಕ್ಷರದ ಅಂತರ, ಕೆಲಸ ಮಾತ್ರ ಬೇರೆ ಬೇರೆ. ಗಾಳಿ ಬೀಸುವ ಹೊಲದಿಂದ ವ್ಯಾಪಾರಿಗೆ ಫೋನು ಮಾಡುವವನಿಗೆ ಎರಡನೆಯದು ಉಪಯುಕ್ತ. ಮೊದಲನೆಯದಕ್ಕೆ ಹೊಲದಲ್ಲಿ ಹಣ ಸುರಿಯುವುದು ವ್ಯರ್ಥ. ಮೋಟರಿನ ಗುಂಗನ್ನೇ ಅದು ಮೊದಲು ಅಳಿಸುತ್ತದೆ.

ಧೂಳು, ನೀರಿನ ವಿಷಯಕ್ಕೆ ‘ಐಪಿ’ ಎಂಬ ಗುರುತಿನ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿನದು, ೦ಯಿಂದ ೬ರ ವರೆಗೆ. ಎರಡನೆಯದು ನೀರಿನದು. ೪ ಎಂದರೆ ಎಲ್ಲ ಕಡೆಯಿಂದ ಸಿಡಿದ ಹನಿಗೆ ತಡೆ. ೫ ಎಂದರೆ ಚಿಲುಮೆಯಂಥ ನೀರಿಗೆ ತಡೆ. ೭ ಎಂದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ. ಅಂಕಿಯ ಬದಲು ‘ಎಕ್ಸ್’ ಇದ್ದರೆ ಆ ಪರೀಕ್ಷೆಯ ಫಲವನ್ನು ಹೇಳಿಲ್ಲವೆಂದೇ ಅರ್ಥ. ಐಪಿಎಕ್ಸ್ ೪ ಎಂದಿದ್ದರೆ ಬೆವರಿಗೆ ಸರಿ, ಧೂಳಿನ ಮಾತೇ ಇಲ್ಲ. ತೊಗರಿ ರಾಶಿಯ ಧೂಳಿನಲ್ಲಿ ದುಡಿಯುವ ನಾವು ಐಪಿ ೫೪ ಅಥವಾ ೫೫ ಇರುವುದನ್ನು ಹುಡುಕಿದರೆ ಒಳ್ಳೆಯದು. ಈ ಪರೀಕ್ಷೆಗಳು ಹೊಸ ಮಾಲಿಗೆ, ತಿಳಿನೀರಿಗೆ. ಹಳೆಯದನ್ನು ಕಾಲುವೆಯಲ್ಲಿ ಮುಳುಗಿಸಿ ನೋಡಬಾರದು.

ಬ್ಯಾಟರಿಯ ಗಂಟೆಗಳನ್ನೂ ಎಚ್ಚರದಿಂದ ಓದಬೇಕು. ಬಡ್ಸಿನ ಡಬ್ಬದ ಮೇಲೆ ‘೪೦ ಗಂಟೆ’ ಎಂದಿದ್ದರೆ, ಅದು ಚಾರ್ಜು ಮಾಡುವ ಪೆಟ್ಟಿಗೆಯನ್ನೂ ಕೂಡಿಸಿದ ಲೆಕ್ಕ. ಕಿವಿಯಲ್ಲಿ ಒಂದೇ ಸಮನೆ ನಡೆಯುವುದು ಕೆಲವೇ ಗಂಟೆ. ಕೊರಳ ಪಟ್ಟಿಯಲ್ಲಿ ಬ್ಯಾಟರಿಗೆ ಜಾಗ ಹೆಚ್ಚಿರುವುದರಿಂದ ಅದು ದಿನವಿಡೀ ನಡೆದೀತು.

ಕಿವಿಯ ಲೆಕ್ಕ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿ ಒಬ್ಬ ಜಾಣ ಹುಡುಗನಿದ್ದ. ಮೊದಲು ಶುದ್ಧಲೇಖನದಲ್ಲಿ ಒಂದು ತಪ್ಪೂ ಮಾಡದಿದ್ದವನು ಆ ವರ್ಷ ‘ಸರಿ’ ಎಂದರೆ ‘ತರಿ’ ಎಂದು ಬರೆಯತೊಡಗಿದ. ಪಾಠದ ನಡುವೆ “ಏನ್ರಿ ಸರ?” ಎಂದು ಎರಡೆರಡು ಸಲ ಕೇಳುತ್ತಿದ್ದ. ಗಮನ ಕಡಿಮೆಯಾಯಿತೆಂದು ನಾವು ಗದರಿದ್ದೂ ಉಂಟು. ಮನೆಯವರಿಗೆ ಹೇಳಿ ಕಿವಿಯ ಪರೀಕ್ಷೆ ಮಾಡಿಸಿದಾಗ ತೆಳು ದನಿಗಳನ್ನು ಕೇಳುವ ಶಕ್ತಿ ಕುಗ್ಗಿದೆಯೆಂದು ತಿಳಿಯಿತು. ವಿಚಾರಿಸಿದರೆ, ರಜೆಯಲ್ಲೆಲ್ಲ ಸೋದರಮಾವನ ಟ್ರ್ಯಾಕ್ಟರಿನ ಮೇಲೆ ಕೂತು, ಇಯರ್‌ಫೋನಿನ ದನಿಯನ್ನು ಪೂರ್ತಿ ಏರಿಸಿ ಹಾಡು ಕೇಳುತ್ತಿದ್ದನಂತೆ. ಗದರಿದ್ದಕ್ಕೆ ನಮಗೆ ಇಂದಿಗೂ ಸಂಕಟವಿದೆ.

ನಮ್ಮ ಒಳಕಿವಿಯಲ್ಲಿ ದನಿಯನ್ನು ಹಿಡಿಯುವ ಕೂದಲಿನಂಥ ಕೋಶಗಳು ಒಂದೊಂದು ಕಿವಿಗೆ ಹದಿನೈದು ಹದಿನಾರು ಸಾವಿರ ಮಾತ್ರ. ಜೋರು ಸದ್ದಿಗೆ ಅವು ಗಾಳಿಗೆ ಮಲಗಿದ ಜೋಳದಂತೆ ಬಾಗುತ್ತವೆ. ಸ್ವಲ್ಪ ಬಾಗಿದ್ದು ವಿಶ್ರಾಂತಿಯಿಂದ ಎದ್ದೀತು; ಮುರಿದದ್ದು ಮತ್ತೆ ಚಿಗುರುವುದಿಲ್ಲ. ಮೊದಲು ಸಾಯುವುದು ತೆಳು ದನಿಯ ಕೋಶಗಳು. ಆದ್ದರಿಂದಲೇ ‘ಸ’ಕಾರದಂಥ ಅಕ್ಷರಗಳು ಮೊದಲು ಜಾರಿಹೋಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಕೊಟ್ಟ ಮಾನದಂಡದಂತೆ ದೊಡ್ಡವರು ವಾರಕ್ಕೆ ೪೦ ಗಂಟೆ ೮೦ ಡೆಸಿಬಲ್‌ನಲ್ಲಿ ಕೇಳಬಹುದು. ಮಕ್ಕಳಿಗೆ ಮಿತಿ ೭೫ ಡೆಸಿಬಲ್. ಇಲ್ಲಿ ಒಂದು ಗಣಿತವಿದೆ: ಪ್ರತಿ ೩ ಡೆಸಿಬಲ್ ಏರಿದಾಗ ಸದ್ದಿನ ಶಕ್ತಿ ಇಮ್ಮಡಿ, ಆದ್ದರಿಂದ ಕೇಳಬಹುದಾದ ಕಾಲ ಅರ್ಧ. ೮೩ ಡೆಸಿಬಲ್‌ಗೆ ವಾರಕ್ಕೆ ೨೦ ಗಂಟೆ, ೮೬ಕ್ಕೆ ೧೦, ೮೯ಕ್ಕೆ ೫, ೯೨ಕ್ಕೆ ಎರಡೂವರೆ ಗಂಟೆ ಮಾತ್ರ. ಕೆಲಸದಲ್ಲಿರುವ ಬಯಲು ಟ್ರ್ಯಾಕ್ಟರಿನ ಸದ್ದೇ ೯೦ ಡೆಸಿಬಲ್ ದಾಟುತ್ತದೆ. ಅದರ ಮೇಲೆ ಹಾಡು ಕೇಳಬೇಕೆಂದರೆ ಹಾಡನ್ನು ಇನ್ನೂ ಏರಿಸಬೇಕು. ಸದ್ದಿನ ಮೇಲೆ ಸದ್ದು ಹೇರಿದಂತಾಯಿತು. ಟ್ರ್ಯಾಕ್ಟರಿನವನಿಗೆ ಬೇಕಾದದ್ದು ಇಯರ್‌ಫೋನಲ್ಲ, ಸದ್ದು ತಡೆಯುವ ಕಿವಿಮುಚ್ಚಿಗೆ.

ಡೆಸಿಬಲ್ ಅಳೆಯುವ ಯಂತ್ರ ನಮ್ಮಲ್ಲಿಲ್ಲವಲ್ಲ ಎನ್ನುವವರಿಗೆ ಮೂರು ಸುಲಭ ಗುರುತು ಹೇಳುತ್ತೇವೆ. ಫೋನಿನ ದನಿಯ ಪಟ್ಟಿಯಲ್ಲಿ ಹತ್ತಕ್ಕೆ ಆರು ಪಾಲು ದಾಟಬಾರದು. ಒಂದು ತೋಳು ದೂರದಲ್ಲಿ ನಿಂತವನ ಮಾತು ಕೇಳದಿದ್ದರೆ ದನಿ ಹೆಚ್ಚಾಯಿತು. ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಕಿವಿಗೆ ಪೆಟ್ಟು ಬಿದ್ದಿದೆಯೆಂದು ತಿಳಿದು ಅಂದಿಗೆ ನಿಲ್ಲಿಸಬೇಕು.

ಎಲ್ಲಿ ಹಾಕಲೇಬಾರದು?

ಬೈಕಿನ ಮೇಲೆ, ರಸ್ತೆಯ ಬದಿಯಲ್ಲಿ ನಡೆಯುವಾಗ, ರೈಲು ಹಳಿ ದಾಟುವಾಗ ಬೇಡ. ಓಡುವ ಯಂತ್ರದ ಬಳಿ ಬೇಡ. ಹೊಸ ಎತ್ತು ಪಳಗಿಸುವಾಗ ಬೇಡ. ರಾತ್ರಿ ನೀರು ಬಿಡುವಾಗ ಬೇಡ. ನಮ್ಮ ಒಣ ಸೀಮೆಯಲ್ಲಿ ಗರಗಸ ಮಂಡಲದ ಹಾವು ಮೈಯ ಹುರುಪೆ ತಿಕ್ಕಿ ಕರಕರ ಸದ್ದು ಮಾಡುತ್ತದೆ. ಕೊಳಕುಮಂಡಲ ಬುಸ್ಸೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಕೇಳಿದವನು ಕಾಲು ಹಿಂದೆಗೆಯುತ್ತಾನೆ. ಕಿವಿ ಮುಚ್ಚಿಕೊಂಡವನಿಗೆ ಆ ಅವಕಾಶವಿಲ್ಲ.

ಔಷಧ ಸಿಂಪಡಿಸುವಾಗಲಂತೂ ಮುಟ್ಟಲೇಬಾರದು. ವಿಷದ ಹನಿ ಸ್ಪಂಜಿಗೆ, ರಬ್ಬರಿಗೆ ಹಿಡಿದು ಕುಳಿತರೆ, ತಾಸುಗಟ್ಟಲೆ ಕಿವಿಯ ತೊಗಲಿಗೆ ತಾಗಿರುತ್ತದೆ. ಫೋನು, ಇಯರ್‌ಫೋನು ಎರಡನ್ನೂ ಮನೆಯಲ್ಲಿಯೇ ಬಿಟ್ಟುಬರಬೇಕು.

ಉಳಿದ ಕಡೆ ಒಂದು ಕಿವಿಗೆ ಮಾತ್ರ ಹಾಕುವ ರೂಢಿ ಮಾಡಿಕೊಳ್ಳಿರಿ. ತಾಸಿಗೊಮ್ಮೆ ಕಿವಿ ಬದಲಿಸಿರಿ. ಒಂದೇ ಕಿವಿಗೆ ಹಾಕಿದರೆ ಹಾಡಿನ ಅರ್ಧ ಭಾಗ ತಪ್ಪುವುದೆನ್ನುವವರು, ಫೋನಿನ ಸೆಟ್ಟಿಂಗಿನಲ್ಲಿ ‘ಮೊನೊ ಆಡಿಯೋ’ ಎಂಬುದನ್ನು ಹಚ್ಚಿದರೆ ಎಡಬಲದ ದನಿ ಕೂಡಿ ಒಂದೇ ಕಿವಿಗೆ ಬರುತ್ತದೆ.

ಅಂಗಡಿಯಲ್ಲಿ

ಸದ್ಯದ ಬೆಲೆಗಳು ಅಂದಾಜು ಹೀಗಿವೆ: ಹೆಸರಾದ ಕಂಪನಿಯ ತಂತಿಯ ಇಯರ್‌ಫೋನು ಮುನ್ನೂರರಿಂದ ಆರುನೂರು ರೂಪಾಯಿ, ಕೊರಳ ಪಟ್ಟಿ ಎಂಟುನೂರರಿಂದ ಒಂದೂವರೆ ಸಾವಿರ. ಇದಕ್ಕಿಂತ ಹೆಚ್ಚು ಹೊಲದ ಕೆಲಸಕ್ಕೆ ಖರ್ಚು ಮಾಡುವ ಕಾರಣ ನಮಗೆ ಕಾಣುವುದಿಲ್ಲ.

ನಿಮ್ಮ ಫೋನನ್ನೇ ಒಯ್ಯಿರಿ. ನಿಮಗೆ ಪರಿಚಯವಾದ ದನಿಯ ಸುದ್ದಿಯನ್ನೋ ಹಾಡನ್ನೋ ಹಚ್ಚಿರಿ. ಅರ್ಧ ದನಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ಪಿನ್ನಿನ ಬುಡವನ್ನು ಮೆಲ್ಲಗೆ ಅಲುಗಿಸಿರಿ. ಕರಕರ ಬಂದರೆ ಬೇಡವೆನ್ನಿರಿ. ಪಟಗವೋ ಸೆರಗೋ ಇದ್ದಂತೆಯೇ ಹಾಕಿಕೊಂಡು, ಕಳೆ ಕೀಳುವಂತೆ ಎರಡು ಸಲ ಬಗ್ಗಿ ಏಳಿರಿ. ಅಂಗಡಿಯವನು ನಗಲಿ, ಚಿಂತೆಯಿಲ್ಲ. ಬೀದಿಗೆ ಬಂದು ಮನೆಗೆ ಒಂದು ಫೋನು ಮಾಡಿ, ನಿಮ್ಮ ದನಿ ಅವರಿಗೆ ಹೇಗೆ ಕೇಳುತ್ತದೆಂದು ವಿಚಾರಿಸಿರಿ.

ಹೆಸರಾದ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿಗಳು ಸಂತೆಯಲ್ಲಿ ಬಹಳ. ತಂತಿಯಿಲ್ಲದ ಮಾಲಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ದಿನಾಂಕ ಹಾಕಿದ ಪಾವತಿ ಇಲ್ಲದೆ ಕೊಳ್ಳಬೇಡಿರಿ. ಗ್ಯಾರಂಟಿಯ ಮಾತು ಪಾವತಿಯಿದ್ದರೆ ಮಾತ್ರ ನಿಲ್ಲುತ್ತದೆ. ಪಾವತಿ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಮಾಲಿನ ಹೆಸರು ಮತ್ತು ಬೆಲೆ ಅದರಲ್ಲಿರಬೇಕು. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನು ಮಾಡಿರಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದೆಂಬುದನ್ನು ಗಡಿಯಾಚೆಯ ನಮ್ಮವರು ನೆನಪಿಡಬೇಕು.

ಜೋಪಾನ

ತಂತಿಯನ್ನು ಫೋನಿನ ಸುತ್ತ ಬಿಗಿದು ಸುತ್ತಬಾರದು. ಕೈಬೆರಳಿನ ಮೇಲೆ ಸಡಿಲಾಗಿ ಸುತ್ತಿ ಹಳೆಯ ತಂಬಾಕಿನ ಡಬ್ಬಿಯಲ್ಲೋ ಚೀಲದಲ್ಲೋ ಇಡಿರಿ. ಕೀಳುವಾಗ ತಂತಿ ಹಿಡಿದು ಎಳೆಯದೆ ಪಿನ್ನು ಹಿಡಿದು ತೆಗೆಯಿರಿ. ರಬ್ಬರಿನ ಬಿರಡೆಯನ್ನು ವಾರಕ್ಕೊಮ್ಮೆ ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿರಿ. ಒಬ್ಬರ ಕಿವಿಯದನ್ನು ಇನ್ನೊಬ್ಬರಿಗೆ ಕೊಡಬಾರದು. ಕಿವಿ ಸೋರುವುದು, ಬೂಸರು ಹಿಡಿಯುವುದು ಹೀಗೆಯೇ ಹರಡುತ್ತವೆ. ಬ್ಯಾಟರಿಯಿರುವುದನ್ನು ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ಬಿಡಬಾರದು. ಕಾವಿಗೆ ಬ್ಯಾಟರಿಯ ಆಯುಷ್ಯ ಕರಗುತ್ತದೆ.

ಕೊನೆಗೆ ಒಂದು ಮಾತು. ೧೯೫೬ರಲ್ಲಿ ಪುಣೆ ಆಕಾಶವಾಣಿಯು ನಮ್ಮ ನೆರೆಯ ಕೊಲ್ಹಾಪುರವೂ ಸೇರಿದಂತೆ ಐದು ಜಿಲ್ಲೆಗಳ ೧೫೦ ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ಕೂಟಗಳನ್ನು ನಡೆಸಿ ನೋಡಿತು. ಒಕ್ಕಲಿಗರು ಒಟ್ಟಿಗೆ ಕೂತು ಕೇಳಿ, ಕೇಳಿದ್ದನ್ನು ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು. ಒಬ್ಬನೇ ಕೇಳಿದ ಸಲಹೆ ಕಿವಿಯಲ್ಲಿಯೇ ಉಳಿಯುತ್ತದೆ. ಹತ್ತು ಜನ ಕೇಳಿದ ಸಲಹೆ ಹೊಲಕ್ಕೆ ಇಳಿಯುತ್ತದೆ. ಆದ್ದರಿಂದ ರೈತರ ಕಾರ್ಯಕ್ರಮ ಬರುವ ವೇಳೆಗೆ ಇಯರ್‌ಫೋನನ್ನು ಕಿವಿಯಿಂದ ತೆಗೆದು ಫೋನಿನ ಸ್ಪೀಕರನ್ನು ಹಚ್ಚಿರಿ. ಎಫ್‌ಎಂ ಆದರೆ ತಂತಿ ಫೋನಿನಲ್ಲಿಯೇ ಇರಲಿ, ಸ್ಪೀಕರಿನ ಗುಂಡಿ ಒತ್ತಿದರಾಯಿತು. ಮಗ್ಗಲ ಹೊಲದ ಕಾಕಾ ಈಗ ನಮ್ಮ ಬಾವಿಯ ದಂಡೆಗೇ ಬಂದು ಕೂತು ಕೇಳುತ್ತಾರೆ. ಪ್ರಿವೆಂಟರನ್ನೂ ನಾವು ಹೊಸದು ಹಾಕಿಸಿದ್ದೇವೆ.